ಹೆಲಿಕಾಪ್ಟರ್ ಪೈಲಟ್ ಆಗುವ ದಾರಿ ನಿಮ್ಮ ಅಡ್ಮಿಷನ್ ಕೌಂಟರ್‌ನಲ್ಲೇ ಶುರು: ಪಿಯು ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಪಿಯು ಕಾಲೇಜುಗಳ ಪ್ರಾಂಶುಪಾಲರೇ, ಅಡ್ಮಿಷನ್ ನೋಡಿಕೊಳ್ಳುವ ಮೇಷ್ಟ್ರುಗಳೇ, ಮೇಡಂಗಳೇ,

ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಿಮ್ಮ ಕಾಲೇಜಿನ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹದಿನಾರರ ಮಗು, ಪಕ್ಕದಲ್ಲಿ ಅಪ್ಪನೋ ಅಮ್ಮನೋ, ಎದುರಿಗೆ ನೀವು. ಪಿಸಿಎಂಬಿಯೋ, ಪಿಸಿಎಂಸಿಯೋ, ಕಾಮರ್ಸೋ, ಆರ್ಟ್ಸೋ ಅಂತ ಐದು ನಿಮಿಷದಲ್ಲಿ ತೀರ್ಮಾನ ಆಗಿಬಿಡುತ್ತದೆ. ಸೈನ್ಸ್ ಬಿಟ್ಟರೆ ಮೆಡಿಕಲ್ ಇಲ್ಲ, ಎಂಜಿನಿಯರಿಂಗ್ ಇಲ್ಲ ಅಂತ ಆ ಹೊತ್ತಿಗೆ ಎಲ್ಲರೂ ಹೇಳುತ್ತಾರೆ. ವಾಯುಪಡೆಯ ಪೈಲಟ್ ಆಗುವ ದಾರಿಯೂ ಅಲ್ಲೇ ಮುಚ್ಚುತ್ತದೆ ಅಂತ ಹೇಳುವವರು ಯಾರೂ ಇಲ್ಲ.

ನಿಯಮ ಸರಳವಾಗಿದೆ. ಎಂಜಿನಿಯರಿಂಗ್ ಓದದೆ ಬೇರೆ ಡಿಗ್ರಿ ಮಾಡಿದವರು ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್‌ಗೆ ಅರ್ಜಿ ಹಾಕಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಗಣಿತ ಇರಬೇಕು. ಎರಡರಲ್ಲೂ ಕನಿಷ್ಠ ಶೇ. 50 ಅಂಕ ಇರಬೇಕು. ಡಿಗ್ರಿ ಬಿಎ ಆಗಿರಲಿ, ಬಿಕಾಂ ಆಗಿರಲಿ, ಶೇ. 60 ಬಂದಿದ್ದರೆ ಅವರು ತಕರಾರು ಮಾಡುವುದಿಲ್ಲ. ಪಿಯುಸಿ ಮಾತ್ರ ಬಿಡುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಆಸೆ ಹುಟ್ಟಿದ ಹುಡುಗಿಗೆ ಹದಿನಾರರಲ್ಲಿ ತುಂಬಿದ ಫಾರಂ ಅಡ್ಡ ಬರುತ್ತದೆ. ಅಂಥವರನ್ನು ನಮ್ಮ ಬಡಾವಣೆಯಲ್ಲೇ ನೋಡಿದ್ದೇನೆ.

ನಾನು ಎಚ್‌ಎಎಲ್‌ನ ಹೆಲಿಕಾಪ್ಟರ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವನು. ಮನೆ ವಿಮಾನಪುರದ ಹತ್ತಿರ. ನಾನು ಹಾರಿಸಿದವನಲ್ಲ. ಹಾರಿಸುವವರ ಯಂತ್ರಕ್ಕೆ ಬೋಲ್ಟ್ ಬಿಗಿದು, ಬಿಗಿದಿದ್ದೇನೆ ಅಂತ ಸಹಿ ಹಾಕಿದವನು. ಆದರೆ ನನ್ನ ತಂಗಿಯ ಮಗಳು ವಾಯುಪಡೆಯಲ್ಲಿ ಎಂಐ-17 ಹೆಲಿಕಾಪ್ಟರ್ ಪೈಲಟ್. ಹಾಗಾಗಿ ಈ ಕೆಲಸವನ್ನು ಹ್ಯಾಂಗರ್ ಕಡೆಯಿಂದಲೂ ನೋಡಿದ್ದೇನೆ, ಅಡುಗೆಮನೆ ಕಡೆಯಿಂದಲೂ ನೋಡಿದ್ದೇನೆ.

ದೇಶದಲ್ಲಿ ಹೆಲಿಕಾಪ್ಟರ್ ಊರು ಅಂತ ಒಂದಿದ್ದರೆ ಅದು ನಮ್ಮದೇ. ಫ್ರೆಂಚರಿಂದ ಲೈಸೆನ್ಸ್ ಪಡೆದು ಚೇತಕ್, ಚೀತಾ ತಯಾರಾಗಿದ್ದು ಇಲ್ಲಿ. ಧ್ರುವ್ ಮೊದಲ ಸಲ ಮೇಲೆದ್ದಿದ್ದು 1992ರ ಆಗಸ್ಟ್ 20ರಂದು, ಇಲ್ಲೇ. ಯುದ್ಧದ ಹೆಲಿಕಾಪ್ಟರ್ ಪ್ರಚಂಡ 2010ರಲ್ಲಿ, ಹಗುರ ಬಳಕೆಯ ಎಲ್‌ಯುಎಚ್ 2016ರಲ್ಲಿ, ಎಲ್ಲವೂ ಇಲ್ಲಿಂದಲೇ. ಟೆಸ್ಟ್ ಪೈಲಟ್‌ಗಳ ಶಾಲೆ ಇಲ್ಲಿದೆ. ಯಲಹಂಕದಲ್ಲಿ ಎಂಐ-17ಗಳ ಯುನಿಟ್ ಇದೆ. ಗುಬ್ಬಿ ತಾಲೂಕಿನಲ್ಲಿ 615 ಎಕರೆಯ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. 2025ರ ಮಾರ್ಚ್‌ನಲ್ಲಿ 156 ಪ್ರಚಂಡಗಳಿಗೆ ಆರ್ಡರ್ ಬಂತು: 66 ವಾಯುಪಡೆಗೆ, 90 ಭೂಸೇನೆಗೆ. ಒಂದೊಂದರಲ್ಲೂ ಇಬ್ಬರು ಕೂರಬೇಕು. ಹಗಲು ರಾತ್ರಿ ಹಾರಬೇಕಾದರೆ ಒಂದು ಯಂತ್ರಕ್ಕೆ ಒಂದೇ ಜೋಡಿ ಸಾಲದು. ಲೆಕ್ಕ ನೀವೇ ಹಾಕಿ, ಗಣಿತದ ಮೇಷ್ಟ್ರು ನಿಮ್ಮಲ್ಲೇ ಇದ್ದಾರೆ.

ಇಷ್ಟಿದ್ದೂ ನಿಮ್ಮ ಕೆರಿಯರ್ ಗೈಡೆನ್ಸ್ ದಿನಗಳಲ್ಲಿ ನೀಟ್, ಜೆಇಇ, ಸಿಇಟಿ ಬಿಟ್ಟು ಬೇರೆ ಮಾತು ಬರುವುದಿಲ್ಲ. ಬಂದರೂ ರಕ್ಷಣಾ ಪಡೆ ಅಂದರೆ ಫೈಟರ್ ಜೆಟ್‌ನ ಒಂದು ಫೋಟೊ, ಅಷ್ಟೇ. ಏರೋ ಇಂಡಿಯಾದಲ್ಲೂ ಇದೇ ಕಥೆ. ತೇಜಸ್ ಗುಡುಗಿದಾಗ ಎಲ್ಲರೂ ಮೊಬೈಲ್ ಎತ್ತುತ್ತಾರೆ. ವಾಯುಪಡೆಯ ಹೆಲಿಕಾಪ್ಟರ್ ಕಸರತ್ತಿನ ಸಾರಂಗ್ ತಂಡದ ಧ್ರುವ್‌ಗಳು ಒಂದನ್ನೊಂದು ದಾಟಿಕೊಂಡು ಹೋಗುವಾಗ ಅರ್ಧ ಜನ ಚುರುಮುರಿ ಹುಡುಕಿಕೊಂಡು ಹೊರಟಿರುತ್ತಾರೆ. ಆ ತಂಡ 2003ರಲ್ಲಿ ಇದೇ ಊರಲ್ಲಿ ಹುಟ್ಟಿದ್ದು, ನೆನಪಿರಲಿ. ಪಡೆಗೆ ಸೇರಿದ ಹುಡುಗರಲ್ಲೂ ಕೆಲವರು ಫೈಟರ್ ಸಿಗದಿದ್ದರೆ ಹೆಲಿಕಾಪ್ಟರ್ ಅನ್ನುವ ಹಾಗೆ ಮಾತಾಡುತ್ತಾರೆ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ.

ಹೆಲಿಕಾಪ್ಟರ್‌ನಲ್ಲಿ ಪೈಲಟ್‌ನ ಎಡಗೈ ಸೀಟಿನ ಪಕ್ಕದ ಕಲೆಕ್ಟಿವ್ ಮೇಲೆ ಇರುತ್ತದೆ. ಅದನ್ನು ಎತ್ತಿದರೆ ಯಂತ್ರ ಮೇಲೇಳುತ್ತದೆ. ಬಲಗೈ ಎರಡು ಕಾಲಿನ ನಡುವಿನ ಸೈಕ್ಲಿಕ್ ಮೇಲೆ. ಅದನ್ನು ಎತ್ತ ಬಾಗಿಸಿದರೆ ಯಂತ್ರ ಅತ್ತ ಹೋಗುತ್ತದೆ. ಎರಡು ಕಾಲು ಪೆಡಲ್ ಮೇಲೆ, ಮೂತಿ ತಿರುಗಿಸಲು. ಕೇಳಲು ಸುಲಭ. ಆದರೆ ಎಡಗೈ ಒಂದಿಂಚು ಎತ್ತಿದರೆ ಮೂತಿ ತಿರುಗುತ್ತದೆ. ಅದನ್ನು ಸರಿ ಮಾಡಲು ಕಾಲು ಒತ್ತಿದರೆ ಯಂತ್ರ ಪಕ್ಕಕ್ಕೆ ಜಾರುತ್ತದೆ. ಅದಕ್ಕೆ ಬಲಗೈ ಬಾಗಿಸಿದರೆ ಎತ್ತರ ಇಳಿಯುತ್ತದೆ. ಮತ್ತೆ ಎಡಗೈ. ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಲ್ಲಿಸುವುದಕ್ಕೆ ಹೋವರ್ ಅನ್ನುತ್ತಾರೆ. ಹೊಸಬರಿಗೆ ಅದು ಬರುವುದೇ ಇಲ್ಲ. ಗುರುಗಳು ಒಂದೊಂದೇ ಕಂಟ್ರೋಲ್ ಕೈಗೆ ಕೊಡುತ್ತಾರಂತೆ. ಮೂರೂ ಒಟ್ಟಿಗೆ ಕೊಟ್ಟ ದಿನ ಚೇತಕ್ ಮೈದಾನದ ತುಂಬ ಓಲಾಡುತ್ತದೆ. ನಮ್ಮ ಹುಡುಗಿ ಹೇಳುತ್ತಿದ್ದಳು: "ಮಾಮ, ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತುಬಿಡ್ತು. ನಾನೇನು ಮಾಡ್ದೆ ಅಂತ ನನಗೇ ಗೊತ್ತಾಗಲಿಲ್ಲ." ಸೈಕಲ್ ಕಲಿಯುವಾಗ ಹಿಂದೆ ಹಿಡಿದವರು ಯಾವಾಗ ಕೈ ಬಿಟ್ಟರು ಅಂತ ತಿಳಿಯುವುದಿಲ್ಲ ಅಲ್ವಾ, ಹಾಗೆ.

ಹೀಗೆ ನಿಲ್ಲಿಸುವುದು ಬರೀ ಕಸರತ್ತಲ್ಲ. 2022ರ ಫೆಬ್ರವರಿ 20, ಭಾನುವಾರ. ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗೆ ಬಿದ್ದು ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡ. ಕೆಳಗಿನಿಂದ ಹತ್ತಿ ಹೋಗಲು ಆಗಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಯಲಹಂಕದ ಸಹಾಯ ಕೇಳಿತು. ಎಂಐ-17 ಬಂತು, ಹುಡುಗನನ್ನು ವಿಂಚ್‌ನಲ್ಲಿ, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರದಲ್ಲಿ, ಮೇಲೆತ್ತಿಕೊಂಡು ಹೋಯಿತು. ಸುದ್ದಿ ಅಷ್ಟೇ. ಆದರೆ ಆ ಹೆಲಿಕಾಪ್ಟರ್‌ನ ತಲೆ ಮೇಲೆ ತಿರುಗುವ ರೆಕ್ಕೆಯ, ಅಂದರೆ ರೋಟರ್‌ನ ಅಗಲ 21 ಮೀಟರ್‌ಗಿಂತ ಜಾಸ್ತಿ. ಪಕ್ಕದಲ್ಲಿ ಬಂಡೆ. ಬೆಟ್ಟಕ್ಕೆ ಬಡಿದ ಗಾಳಿ ಯಾವ ಕಡೆಯಿಂದ ತಿರುಗಿ ಬರುತ್ತದೋ ಗೊತ್ತಿಲ್ಲ. ಹಗ್ಗದ ತುದಿಯಲ್ಲಿ ಮನುಷ್ಯ ಇದ್ದಾನೆ, ಪೈಲಟ್‌ಗೆ ಅವನು ಕಾಣುವುದೂ ಇಲ್ಲ. ಬಾಗಿಲಲ್ಲಿ ಮಲಗಿ ಕೆಳಗೆ ನೋಡುವ ಸಿಬ್ಬಂದಿ ಇನ್ನೊಂದು ಸ್ವಲ್ಪ ಮುಂದೆ, ಈಗ ಎಡಕ್ಕೆ, ಹಿಡಿ, ಹಾಗೇ ಹಿಡಿ ಅಂತ ಹೇಳುತ್ತಿರಬೇಕು. ಆ ದನಿ ನಂಬಿಕೊಂಡು ಕೈ ಕಾಲು ಆಡಿಸಬೇಕು. ಫೈಟರ್ ಸಿಗದವರು ಮಾಡುವ ಕೆಲಸವೇ ಇದು?

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನೀರು ಮೊಗೆದು ಸುರಿದಿದ್ದೂ ಇದೇ ಎಂಐ-17ಗಳು. ಅದೇ ವರ್ಷ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಕ್ಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಹೋಯಿತು. ನಮ್ಮ ಜನಕ್ಕೆ ಹೆಲಿಕಾಪ್ಟರ್ ಬೇಕಾಗುವುದು ಕಷ್ಟ ಬಂದಾಗ. ಅಥವಾ ಚುನಾವಣೆ ಬಂದಾಗ, ಆ ಮಾತು ಈಗ ಬೇಡ.

ಸಿಯಾಚಿನ್ ಬಗ್ಗೆ ಮಕ್ಕಳಿಗೆ ಒಂದು ಪಾಠವನ್ನೇ ಮಾಡಬಹುದು. ನಿಮ್ಮ ಫಿಸಿಕ್ಸ್ ಲೆಕ್ಚರರ್‌ಗೆ ಹೇಳಿ ನೋಡಿ. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಡಿಯುವ ಆಪರೇಷನ್ ಮೇಘದೂತ್ ಶುರುವಾದಾಗ ಮೊದಲ ಸೈನಿಕರನ್ನು ಬಿಲಾಫೊಂಡ್ ಲಾ ಕಣಿವೆದಾರಿಯಲ್ಲಿ ಇಳಿಸಿದ್ದು ಚೀತಾ. ಒಂದೇ ಎಂಜಿನ್‌ನ ಪುಟ್ಟ ಯಂತ್ರ. 20 ಸಾವಿರ ಅಡಿ ಆಸುಪಾಸಿನ ಪೋಸ್ಟ್‌ಗಳಲ್ಲಿ ಗಾಳಿ ತೆಳು. ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್‌ಗೆ ಉಸಿರು ಸಾಲುವುದಿಲ್ಲ. ಅಷ್ಟು ದೂರ ಹಾರಿಹೋಗಿ ಕೆಲವೊಮ್ಮೆ ಒಂದೆರಡು ಜೆರಿಕ್ಯಾನ್ ಸೀಮೆಎಣ್ಣೆ ಮಾತ್ರ ಇಳಿಸಿ ಬರುತ್ತಾರೆ. ಅಲ್ಲಿ ಎಂಜಿನ್ ಆಫ್ ಮಾಡುವುದಿಲ್ಲ. ಮಾಡಿದರೆ ಮತ್ತೆ ಶುರು ಆಗುತ್ತದೆ ಅನ್ನುವ ಧೈರ್ಯ ಇಲ್ಲ. ರೋಟರ್ ತಿರುಗುತ್ತಿರುವಾಗಲೇ ಸಾಮಾನು ಇಳಿಸಿ, ಗಾಯಾಳು ಇದ್ದರೆ ಹತ್ತಿಸಿಕೊಂಡು ಹೊರಡಬೇಕು. ಬೆಂಗಳೂರಿನಲ್ಲಿ ತಯಾರಾದ ಯಂತ್ರ ಅಲ್ಲಿ ನಿಂತಿದೆ ಅಂತ ನೆನೆದರೆ ನಮ್ಮ ಷಾಪ್‌ನವರಿಗೆ ಹೆಮ್ಮೆ, ಜೊತೆಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಕೌಂಟರ್‌ನಲ್ಲಿ ಇವರಿಗೇ ಜಾಸ್ತಿ ಅನ್ಯಾಯ ಆಗುತ್ತದೆ. ವಾಯುಪಡೆಯ ಹೆಲಿಕಾಪ್ಟರ್ ಕಾಕ್‌ಪಿಟ್‌ಗೆ ಹೆಂಗಸರು ಬಂದಿದ್ದು 1990ರ ದಶಕದಲ್ಲೇ. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಇಬ್ಬರೂ ಚೀತಾ ಹಾರಿಸಿದರು. ಭೂಸೇನೆಯ ಏವಿಯೇಷನ್ ಕೋರ್‌ನಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ 2022ರಲ್ಲಿ ಮೊದಲಿಗರಾದರು. ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎಯಿಂದ ಮೊದಲ ತಂಡದ 17 ಹುಡುಗಿಯರು 2025ರ ಮೇ 30ರಂದು ಹೊರಬಂದರು. ಇಷ್ಟಾದ ಮೇಲೂ "ಹುಡುಗಿಗೆ ಗಣಿತ ಯಾಕೆ ಸಾರ್, ಸುಮ್ನೆ ಕಾಮರ್ಸ್ ಕೊಡಿ" ಅನ್ನುವ ಅಪ್ಪಂದಿರು ನಿಮ್ಮೆದುರು ಬಂದು ಕೂರುತ್ತಾರೆ. ಅವರು ಕೇಳಿದ್ದು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಏನು ಬಿಟ್ಟು ಹೋಗುತ್ತಿದ್ದೀರಿ ಅಂತ ಒಂದು ಮಾತು ಹೇಳಿ.

ದಾರಿ ಹೇಗೆ ಅಂತ ಮಕ್ಕಳು ಕೇಳುತ್ತಾರೆ. ಪಿಯುಸಿ ಆದ ತಕ್ಷಣ ಎನ್‌ಡಿಎ ಇದೆ. ಡಿಗ್ರಿ ಆದ ಮೇಲೆ ವಾಯುಪಡೆಯದೇ ಎಎಫ್‌ಸಿಎಟಿ ಪರೀಕ್ಷೆ, ಹುಡುಗರಿಗೆ ಮೂರೂ ಪಡೆಗಳಿಗೆ ಸೇರಿದ ಸಿಡಿಎಸ್ ಪರೀಕ್ಷೆ ಕೂಡ. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಸಿ ಸರ್ಟಿಫಿಕೇಟ್ ಇದ್ದವರಿಗೆ ಪ್ರತ್ಯೇಕ ದಾರಿ ಇದೆ. ಎಎಫ್‌ಸಿಎಟಿ ಮೂಲಕ ಹಾರಲು ಹೋಗುವವರ ವಯಸ್ಸು 20ರಿಂದ 24ರೊಳಗೆ ಇರಬೇಕು. ಇದು ಬೇಗ ಮುಗಿದುಹೋಗುವ ಕಾಲ. ಪರೀಕ್ಷೆ ಪಾಸಾದರೆ ಐದು ದಿನದ ಸಂದರ್ಶನ. ವಾಯುಪಡೆಯ ಆಯ್ಕೆ ಮಂಡಳಿ ಒಂದು ಮೈಸೂರಲ್ಲೇ ಇದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಪೈಲಟ್ ಆಗುವ ಸಹಜ ಗುಣ ಇದೆಯೇ ಅಂತ ನೋಡುವ ಪರೀಕ್ಷೆ ಇದೆ, ಸಿಪಿಎಸ್‌ಎಸ್. ಅದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಹಾರುವ ಮಾತು ಮರೆತುಬಿಡಬೇಕು. ಕ್ರೂರ ಅನ್ನಿಸುತ್ತದೆ. ಆದರೆ ನಾನು ಬೋಲ್ಟ್ ಬಿಗಿದ ಯಂತ್ರದಲ್ಲಿ ಕೂರುವವರನ್ನು ಹೀಗೇ ಸೋಸಿ ಕಳಿಸಲಿ ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಮೆಡಿಕಲ್. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ 1957ರಿಂದ ಇರುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ದೇಶದ ಎಲ್ಲ ಕಡೆಯಿಂದ ಹುಡುಗ ಹುಡುಗಿಯರು ಬರುತ್ತಾರೆ. ಫೈಲು ಎದೆಗೆ ಒತ್ತಿಕೊಂಡು ಬಸ್‌ಸ್ಟಾಪ್‌ನಲ್ಲಿ ದಾರಿ ಕೇಳುವವರಿಗೆ ಎಷ್ಟೋ ಸಲ ನಾನೇ ಗೇಟು ತೋರಿಸಿದ್ದೇನೆ. ಎತ್ತರ ಕನಿಷ್ಠ 162.5 ಸೆಂ.ಮೀ. ಕಾಲಿನ ಉದ್ದ ಕನಿಷ್ಠ 99 ಸೆಂ.ಮೀ. ಕೂತಾಗಿನ ಎತ್ತರ, ತೊಡೆಯ ಉದ್ದ, ಎಲ್ಲಕ್ಕೂ ಅಳತೆ ಇದೆ. ಬೆನ್ನುಮೂಳೆಗೆ ಎಕ್ಸ್‌ರೇ. ಕಣ್ಣಿನ ವಿಷಯದಲ್ಲಂತೂ ತುಂಬಾ ಕಟ್ಟುನಿಟ್ಟು. ಎಲ್ಲ ಪಾಸಾಗಿ ಕಾಲಿನ ಅಳತೆಯಲ್ಲಿ ಬಿದ್ದುಹೋಗಿ ಅಲ್ಲೇ ಫುಟ್‌ಪಾತ್ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದ ಹುಡುಗನನ್ನು ನೋಡಿದ್ದೇನೆ. ಎರಡು ವರ್ಷ ಕೋಚಿಂಗ್‌ಗೆ ದುಡ್ಡು ಸುರಿದಿದ್ದನಂತೆ. ನಿಮ್ಮ ಪಿಟಿ ಮೇಷ್ಟ್ರು ಒಂದು ಟೇಪು ಹಿಡಿದು ಅಳೆದಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಇಂಗ್ಲಿಷ್ ವಿಷಯವನ್ನೂ ಮುಚ್ಚಿಡುವುದು ಬೇಡ. ಎಎಫ್‌ಸಿಎಟಿ ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ. ಎನ್‌ಡಿಎ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲಿ ಇಲ್ಲ. ಇದು ಸರಿಯಲ್ಲ ಅಂತ ಕೇಳಬೇಕಾದವರು ಕೇಳಲಿ. ಅಲ್ಲಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಎರಡು ವರ್ಷ ಮೊದಲೇ ಹೇಳಿದರೆ ಇಂಗ್ಲಿಷ್ ಹಿಡಿತಕ್ಕೆ ಬರುತ್ತದೆ. ಹಿಂದಿನ ದಿನ ಹೇಳಿದರೆ ಬರುವುದಿಲ್ಲ.

ಆಯ್ಕೆಯಾದವರು ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಹೋಗುತ್ತಾರೆ. ಟ್ರೈನಿಂಗ್‌ನಲ್ಲೇ ತಿಂಗಳಿಗೆ 56,100 ರೂಪಾಯಿ ಕೊಡುತ್ತಾರೆ. ಮೊದಲು ಎಲ್ಲರೂ ವಿಮಾನದಲ್ಲೇ ಕಲಿಯುತ್ತಾರೆ, ನಂತರ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಬೇರೆ ಆಗುತ್ತಾರೆ. ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ನೌಕಾಪಡೆಯವರು ಅರಕ್ಕೋಣಂನಲ್ಲಿ, ಭೂಸೇನೆಯವರು ನಾಸಿಕ್‌ನಲ್ಲಿ ಕಲಿಯುತ್ತಾರೆ.

ಇಷ್ಟನ್ನು ಯಾವ ಕೋಚಿಂಗ್ ಸೆಂಟರ್‌ನವರೂ ಹೇಳುತ್ತಾರೆ. ಅವರು ಹೇಳದ್ದನ್ನು ಹೇಳುತ್ತೇನೆ.

ನಮ್ಮ ಹುಡುಗಿ ರಜೆಗೆ ಬಂದಾಗ ಸೋಫಾದಲ್ಲಿ ಕೂರುವ ರೀತಿ ನೋಡಬೇಕು. ಎಡಕ್ಕೆ ವಾಲಿ, ಸ್ವಲ್ಪ ಮುಂದಕ್ಕೆ ಬಾಗಿ, ಸೊಂಟಕ್ಕೊಂದು ದಿಂಬು. ನನ್ನ ತಂಗಿ ಬೈಯುತ್ತಾಳೆ, "ಅಜ್ಜಿ ಥರ ಯಾಕೇ ಕೂತಿದೀಯಾ, ನೆಟ್ಟಗೆ ಕೂತ್ಕೋ." ಅದು ಅಭ್ಯಾಸ ಅಲ್ಲ, ಕೆಲಸ ಕೊಟ್ಟ ಬಳುವಳಿ. ಎಡಗೈ ಕೆಳಗೆ, ಬಲಗೈ ಮಡಿಲ ಮುಂದೆ, ಎರಡೂ ಕಾಲು ಪೆಡಲ್ ಮೇಲೆ, ಗಂಟೆಗಟ್ಟಲೆ ಹಾಗೇ ಬಾಗಿ ಕೂರಬೇಕು. ಮೇಲಿಂದ ರೋಟರ್‌ನ ಅದುರು ಒಂದೇ ಸಮ. ರಾತ್ರಿಯಾದರೆ ಹೆಲ್ಮೆಟ್ ಮುಂದೆ ನೈಟ್ ವಿಷನ್ ಗಾಗಲ್ಸ್ ಭಾರ, ಕುತ್ತಿಗೆಗೆ. ಹೆಲಿಕಾಪ್ಟರ್ ಪೈಲಟ್‌ಗಳಿಗೆ ಬೆನ್ನುನೋವು ದುನಿಯಾದಲ್ಲೆಲ್ಲ ಇರುವ ಕಾಯಿಲೆ. ಸೇರುವಾಗ ಬೆನ್ನುಮೂಳೆಯ ಎಕ್ಸ್‌ರೇ ತೆಗೆಯುವುದು ಸುಮ್ನೆ ಅಲ್ಲ.

ಅಪಘಾತದ ಮಾತೂ ಆಡಲೇಬೇಕು. 2021ರ ಡಿಸೆಂಬರ್ 8ರಂದು ಕೂನೂರಿನಲ್ಲಿ ಜನರಲ್ ಬಿಪಿನ್ ರಾವತ್ ಇದ್ದ ಎಂಐ-17 ಬಿತ್ತು. ಹದಿಮೂರು ಜನ ಅಂದೇ ಹೋದರು. ಅದರಲ್ಲೇ ಇದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ತೀರಿಕೊಂಡರು. ಯಂತ್ರದಲ್ಲಿ ದೋಷ ಇರಲಿಲ್ಲ. ಕಣಿವೆಯಲ್ಲಿ ಹವೆ ಇದ್ದಕ್ಕಿದ್ದಂತೆ ಬದಲಾಗಿ ಮೋಡದೊಳಗೆ ಹೊಕ್ಕು ಪೈಲಟ್‌ಗೆ ದಿಕ್ಕು ತಪ್ಪಿತು ಅಂತ ವಿಚಾರಣೆ ಹೇಳಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ್ ಬಿದ್ದು ಮೂವರು ಸತ್ತರು. ಆಮೇಲೆ ತಿಂಗಳುಗಟ್ಟಲೆ ಧ್ರುವ್‌ಗಳ ಹಾರಾಟ ನಿಲ್ಲಿಸಿದರು. ಅಂಥ ಸುದ್ದಿ ಬಂದ ದಿನ ನಮ್ಮ ಓಣಿಯ ರಿಟೈರ್ಡ್ ನೌಕರರು ಟೀ ಅಂಗಡಿಯಲ್ಲಿ ಜಾಸ್ತಿ ಮಾತಾಡುವುದಿಲ್ಲ. ಎಲ್ಲರೂ ಅವರವರ ಸಹಿ ನೆನಪು ಮಾಡಿಕೊಳ್ಳುತ್ತಿರುತ್ತಾರೆ.

ಇನ್ನು ದುಡ್ಡು, ಭವಿಷ್ಯ. ಎಎಫ್‌ಸಿಎಟಿ ಮೂಲಕ ಶಾರ್ಟ್ ಸರ್ವಿಸ್‌ಗೆ ಸೇರಿದ ಪೈಲಟ್‌ಗೆ 14 ವರ್ಷ ಸೇವೆ. ಸಂಬಳ, ಮಿಲಿಟರಿ ಸರ್ವಿಸ್ ಪೇ 15,500, ಹಾರಾಟದ ಭತ್ಯೆ, ಕ್ವಾರ್ಟರ್ಸ್, ಎಲ್ಲ ಚೆನ್ನಾಗಿದೆ. ಆದರೆ 14 ವರ್ಷ ಆದ ಮೇಲೆ ಪೆನ್ಷನ್ ಇಲ್ಲ. ಅಧಿಕಾರಿಗಳ ಪೆನ್ಷನ್‌ಗೆ 20 ವರ್ಷ ಬೇಕು. ಮೂವತ್ತೇಳು ಮೂವತ್ತೆಂಟಕ್ಕೆ ಮನೆಗೆ ಬರುತ್ತಾರೆ, ಮಕ್ಕಳು ಇನ್ನೂ ಪ್ರೈಮರಿ ಸ್ಕೂಲಲ್ಲಿ. ಟ್ರಾನ್ಸ್‌ಪೋರ್ಟ್ ವಿಮಾನ ಹಾರಿಸಿದ ಗೆಳೆಯ ಏರ್‌ಲೈನ್ಸ್ ಸೇರುವುದು ಸುಲಭ. ಹೆಲಿಕಾಪ್ಟರ್‌ಗೆ ನಾಗರಿಕ ವಿಮಾನಯಾನ ಇಲಾಖೆಯ (ಡಿಜಿಸಿಎ) ಲೈಸೆನ್ಸೇ ಬೇರೆ. ಅದರಲ್ಲಿ ಹಾರಿಸಿದ ಗಂಟೆಗಳೆಲ್ಲ ವಿಮಾನದ ಲೈಸೆನ್ಸ್‌ಗೆ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಮುಂಬೈ ಸಮುದ್ರದ ತೈಲಬಾವಿಗಳಿಗೆ ಜನ ಸಾಗಿಸುವ ಕೆಲಸ, ತೀರ್ಥಯಾತ್ರೆ, ವಿಐಪಿಗಳು. 2025ರ ಜೂನ್ 15ರಂದು ಕೇದಾರನಾಥದಿಂದ ಮರಳುವಾಗ ಬಿದ್ದ ಹೆಲಿಕಾಪ್ಟರ್‌ನ ಪೈಲಟ್ ಕೂಡ ಭೂಸೇನೆಯಿಂದ ನಿವೃತ್ತರಾದವರೇ. ರಿಷಿಕೇಶದ ಏಮ್ಸ್‌ನಲ್ಲಿ 2024ರಲ್ಲಿ ಹೆಲಿ ಆಂಬುಲೆನ್ಸ್ ಶುರು ಮಾಡಿದರು. ಅಂಥದ್ದು ಎಲ್ಲ ರಾಜ್ಯಗಳಲ್ಲೂ ಬಂದರೆ ಇವರ ಅನುಭವಕ್ಕೆ ಬೆಲೆ ಬರುತ್ತದೆ. ಅದಕ್ಕೆ ಬೇರೆ ಪತ್ರ ಬರೆಯಬೇಕು, ಬೇರೆ ಕಚೇರಿಗೆ.

ಪೆನ್ಷನ್, ಪೂರ್ಣಾವಧಿ ಸೇವೆ ಬೇಕು ಅನ್ನುವವರಿಗೆ ಎನ್‌ಡಿಎ ಒಳ್ಳೆಯದು. ಅದು ಪಿಯುಸಿ ಮುಗಿಯುವ ಹೊತ್ತಿಗೇ ಬರುವ ಅವಕಾಶ. ಅದಕ್ಕೇ ನಿಮ್ಮ ಹಿಂದೆ ಬಿದ್ದಿದ್ದೇನೆ.

ಇಷ್ಟು ಕಷ್ಟ ಹೇಳಿ ಮಕ್ಕಳನ್ನು ಹೆದರಿಸುತ್ತಿದ್ದೀರಲ್ಲ ಅನ್ನಬೇಡಿ. ಕಷ್ಟ ಗೊತ್ತಿದ್ದೂ ಹೋಗುವ ಮಗುವೇ ಅಲ್ಲಿ ನಿಲ್ಲುತ್ತದೆ. ಏರ್ ಶೋ ನೋಡಿ ಹೋದದ್ದು ಮೊದಲ ಮಳೆಗಾಲಕ್ಕೇ ಒದ್ದಾಡುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಅಡ್ಮಿಷನ್ ಫಾರಂ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಯಾವ ಕಾಂಬಿನೇಷನ್ ತೆಗೆದುಕೊಂಡರೆ ಯಾವ ಯಾವ ದಾರಿ ಮುಚ್ಚುತ್ತದೆ ಅಂತ ಅದರಲ್ಲಿರಲಿ, ಪೈಲಟ್‌ನದ್ದೂ ಸೇರಿಸಿ. ಮೊದಲ ವರ್ಷದಲ್ಲೇ ಆಸಕ್ತಿ ಇದ್ದವರ ಎತ್ತರ, ಕಾಲಿನ ಉದ್ದ ಅಳೆಯಿರಿ, ಕಣ್ಣು ಪರೀಕ್ಷೆ ಮಾಡಿಸಿ. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ ಅಧಿಸೂಚನೆ ನೋಡಿ ಹಾಳೆ ತಿದ್ದಿ. ಎಎಫ್‌ಸಿಎಟಿಯದು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತದೆ. ನೋಟಿಸ್ ಬೋರ್ಡ್‌ನಲ್ಲಿ ಟ್ಯೂಷನ್ ಜಾಹೀರಾತಿನ ಪಕ್ಕ ಅದಕ್ಕೂ ಜಾಗ ಮಾಡಿ.

ಊರಲ್ಲಿ ನಿವೃತ್ತ ಪೈಲಟ್‌ಗಳು, ಟೆಕ್ನಿಷಿಯನ್‌ಗಳು ಬೇಕಾದಷ್ಟು ಜನ ಇದ್ದಾರೆ. ಮಾರತಹಳ್ಳಿ, ಜೀವನ್‌ಭೀಮಾನಗರ, ಯಲಹಂಕ ಕಡೆ ಕೇಳಿದರೆ ಸಿಗುತ್ತಾರೆ. ಶನಿವಾರ ಒಂದು ಪೀರಿಯಡ್ ಕೊಟ್ಟರೆ ಖಂಡಿತ ಬರುತ್ತಾರೆ. ನಾನಂತೂ ಬರುತ್ತೇನೆ. ಪ್ರೊಜೆಕ್ಟರ್ ಬೇಡ, ಮೈಕ್ ಬೇಡ. ಒಂದು ಸ್ಟೂಲು, ಎರಡು ಕೋಲು ಇದ್ದರೆ ಸಾಕು, ಕಲೆಕ್ಟಿವ್ ಯಾವುದು ಸೈಕ್ಲಿಕ್ ಯಾವುದು ಅಂತ ಮಕ್ಕಳನ್ನೇ ಕೂರಿಸಿ ತೋರಿಸುತ್ತೇನೆ. ಬೆನ್ನುನೋವಿನ ವಿಷಯವನ್ನೂ ಆಗಲೇ ಹೇಳಿಬಿಡುತ್ತೇನೆ.

ಇಂತಿ,
ಹೆಲಿಕಾಪ್ಟರ್ ವಿಭಾಗದ ಒಬ್ಬ ನಿವೃತ್ತ ನೌಕರ
ವಿಮಾನಪುರ, ಬೆಂಗಳೂರು